ಮಿಕ್ಕ ವಾರಗಳ ವಿಶ್ವಕಪ್: ರಗ್ಬಿ ಲೀಗ್ ವೇಳಾಪಟ್ಟಿ ಯಾಕಿಷ್ಟು ಗೋಜಲು?

2026ರ ಅಕ್ಟೋಬರ್ 15ಕ್ಕೆ ಆಸ್ಟ್ರೇಲಿಯಾದಲ್ಲಿ ರಗ್ಬಿ ವಿಶ್ವಕಪ್ ಶುರು. 2027ರ ಅಕ್ಟೋಬರ್ 1ಕ್ಕೆ ಮತ್ತೆ ಆಸ್ಟ್ರೇಲಿಯಾದಲ್ಲೇ ರಗ್ಬಿ ವಿಶ್ವಕಪ್ ಶುರು. ಮೊದಲನೆಯದಕ್ಕೆ 10 ತಂಡ, ಎರಡನೆಯದಕ್ಕೆ 24. ಮೊದಲನೆಯದರಲ್ಲಿ ದಕ್ಷಿಣ ಆಫ್ರಿಕಾ ಇಲ್ಲ, ವೇಲ್ಸ್ ಇಲ್ಲ, ಐರ್ಲೆಂಡ್ ಇಲ್ಲ. ಆದರೆ ಲೆಬನಾನ್ ಇದೆ, ಕುಕ್ ದ್ವೀಪಗಳಿವೆ. ಇದೆಲ್ಲ ಒಂದೇ ಆಟದ ಸುದ್ದಿ ಅಂದುಕೊಂಡು ಓದಿದರೆ ತಲೆ ಕೆಡದೆ ಇನ್ನೇನಾದೀತು?

ಇವು ಎರಡು ಬೇರೆ ಬೇರೆ ಆಟ. ಈ ಲೇಖನ ಮೊದಲನೆಯದರ ಬಗ್ಗೆ, ಅಂದರೆ ತಂಡಕ್ಕೆ 13 ಜನ ಆಡುವ ರಗ್ಬಿ ಲೀಗ್ ಬಗ್ಗೆ. ಇದನ್ನು ವರ್ಷಗಟ್ಟಲೆ ನೋಡುತ್ತಾ ಬಂದ ಅಭಿಮಾನಿಗಳಿಗೂ ಇದರ ವೇಳಾಪಟ್ಟಿ ಪೂರ್ತಿ ಅರ್ಥವಾಗಿದೆ ಅನ್ನುವಂತಿಲ್ಲ. 2021ರ ವಿಶ್ವಕಪ್ ನಡೆದದ್ದು 2022ರಲ್ಲಿ. 2025ಕ್ಕೆ ಫ್ರಾನ್ಸ್‌ನಲ್ಲಿ ಆಗಬೇಕಿದ್ದದ್ದು 2026ಕ್ಕೆ ಆಸ್ಟ್ರೇಲಿಯಾ ಪಾಲಾಯಿತು. ಆಟದ ಎರಡು ಹಳೇ ಮನೆಗಳಾದ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾದ ಪುರುಷರ ತಂಡಗಳು ಸುಮಾರು ಎಂಟು ವರ್ಷ ಒಮ್ಮೆಯೂ ಎದುರುಬದುರಾಗಲಿಲ್ಲ. ಜೂನ್‌ನಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಜೆರ್ಸಿ ತೊಟ್ಟವನು ಅಕ್ಟೋಬರ್‌ನಲ್ಲಿ ಪೆಸಿಫಿಕ್‌ನ ದ್ವೀಪ ದೇಶ ಸಮೋವಾದ ಜೆರ್ಸಿಯಲ್ಲಿ ಪ್ರತ್ಯಕ್ಷನಾಗುತ್ತಾನೆ.

ಈ ಗೋಜಲುಗಳಿಗೆಲ್ಲ ಬೇರು ಒಂದೇ. ರಗ್ಬಿ ಲೀಗ್‌ನಲ್ಲಿ ಮೊದಲ ಪಂಕ್ತಿ ಕ್ಲಬ್‌ಗಳದ್ದು. ಅವರ ಊಟ ಮುಗಿದ ಮೇಲೆ ಪಾತ್ರೆಯಲ್ಲಿ ಎಷ್ಟು ವಾರ ಮಿಕ್ಕಿದೆಯೋ ಅಷ್ಟು ದೇಶಗಳಿಗೆ. ಅದು ಹೇಗೆ ಹೀಗಾಯಿತು, ಯಾರಿಗೆ ಏನು ಲಾಭ, ಮುಂದೇನಾಗಬಹುದು ಅನ್ನುವುದನ್ನು ಬಿಡಿಸಿ ನೋಡೋಣ.

ಎರಡು ರಗ್ಬಿ, ಒಂದು ಹೆಸರು

2025ರಲ್ಲಿ ಮುಂಬೈನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಅದರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅನ್ನುವ ತಂಡವೂ ಇತ್ತು. ಹೆಸರಿನಲ್ಲಿ ‘ಲೀಗ್’ ಇದ್ದರೂ ಅದು ರಗ್ಬಿ ಲೀಗ್ ಅಲ್ಲ. ರಗ್ಬಿ ಯೂನಿಯನ್ ಅನ್ನುವ ಇನ್ನೊಂದು ಆಟದ ಏಳು ಜನರ ರೂಪ ಅದು. ನಮ್ಮಲ್ಲಿ ರಗ್ಬಿ ಅಂದರೆ ಬಹುತೇಕ ಯೂನಿಯನ್ನೇ.

ಎರಡೂ ಬೇರೆಯಾದದ್ದು ಕೂಲಿಯ ವಿಚಾರಕ್ಕೆ. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್, ಲ್ಯಾಂಕಶೈರ್ ಕಡೆ ಆಡುತ್ತಿದ್ದವರು ಗಣಿ ಮತ್ತು ಗಿರಣಿ ಕಾರ್ಮಿಕರು. ಶನಿವಾರ ಪಂದ್ಯಕ್ಕೆ ಹೋದರೆ ಅವತ್ತಿನ ಕೂಲಿ ಖೋತಾ. ಆ ನಷ್ಟ ತುಂಬಿಕೊಡಿ ಎಂದು ಉತ್ತರದ ಕ್ಲಬ್‌ಗಳು ಕೇಳಿದವು. ಆಟಕ್ಕೆ ದುಡ್ಡು ತಗೊಳ್ಳುವುದೇ ತಪ್ಪು ಎಂದು ಲಂಡನ್‌ನ ಯಜಮಾನರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲ್‌ನಲ್ಲಿ ಸಭೆ ಸೇರಿ ಉತ್ತರದ ಕ್ಲಬ್‌ಗಳು ಹೊರಬಿದ್ದವು. ಆಗ ಒಪ್ಪಿದ ಪರಿಹಾರ ದಿನಕ್ಕೆ 6 ಶಿಲಿಂಗ್. ಕೂಲಿ ತುಂಬಿಕೊಡಬೇಕೆಂದರೆ ಟಿಕೆಟ್ ಮಾರಾಟವಾಗಬೇಕು, ಟಿಕೆಟ್ ಮಾರಾಟವಾಗಬೇಕೆಂದರೆ ಆಟ ಚುರುಕಾಗಬೇಕು. ಹಾಗಾಗಿ ನಿಯಮಗಳು ಒಂದೊಂದಾಗಿ ಬದಲಾದವು. 15 ಜನರ ಬದಲು 13 ಆದರು. ಗುಂಪುಗೂಡಿ ತಳ್ಳಾಡುವುದು ಕಡಿಮೆಯಾಯಿತು.

ಈಗ ಆಟ ಹೇಗಿದೆ ನೋಡಿ. ಚೆಂಡು ಹಿಡಿದು ನುಗ್ಗಿದವನನ್ನು ಇಬ್ಬರೋ ಮೂವರೋ ಅವುಚಿ ನೆಲಕ್ಕೆ ಕೆಡವುತ್ತಾರೆ. ರೆಫರಿ ಕೂಗಿದ ತಕ್ಷಣ ಅವನನ್ನು ಬಿಟ್ಟು ಏಳಬೇಕು. ಬಿದ್ದವನು ಎದ್ದು ನಿಂತು, ಚೆಂಡನ್ನು ಕಾಲ ಬಳಿ ನೆಲಕ್ಕಿಟ್ಟು, ಪಾದದಿಂದ ಹಿಂದಕ್ಕೆ ಹೊರಳಿಸುತ್ತಾನೆ. ಹಿಂದೆ ನಿಂತವನು ಅದನ್ನೆತ್ತಿ ಪಾಸ್ ಮಾಡುವಷ್ಟರಲ್ಲಿ ಎದುರು ತಂಡ 10 ಮೀಟರ್ ಹಿಂದೆ ಸರಿದಿರಬೇಕು. ಮತ್ತೆ ನುಗ್ಗು, ಮತ್ತೆ ಬೀಳು. ಹೀಗೆ ಆರು ಟ್ಯಾಕಲ್ ಆದರೆ ಚೆಂಡು ಎದುರಾಳಿಗೆ. ಅದಕ್ಕೇ ಐದನೆಯದಾದ ಮೇಲೆ ಸಾಮಾನ್ಯವಾಗಿ ಒದ್ದುಬಿಡುತ್ತಾರೆ. ಪ್ರೊ ಕಬಡ್ಡಿಯಲ್ಲಿ ಎರಡು ರೇಡ್ ಖಾಲಿ ಹೋದ ಮೇಲೆ ಮೂರನೆಯದು ಡು ಆರ್ ಡೈ ಆಗುತ್ತದಲ್ಲ, ಹೆಚ್ಚು ಕಡಿಮೆ ಅದೇ ಒತ್ತಡ.

ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ. ಮುಂದಿನ ಸಾಲಿನ ಆಟಗಾರನೊಬ್ಬ ಒಂದು ಪಂದ್ಯದಲ್ಲಿ 30–40 ಟ್ಯಾಕಲ್ ಮಾಡುವುದು ಮಾಮೂಲಿ. ಒಂದೊಂದೂ ನೂರು ಕಿಲೋ ದಾಟಿದ ಮೈಗಳ ಡಿಕ್ಕಿ. ಟಿ20ಯಂತೆ ವಾರಕ್ಕೆ ಮೂರು ಪಂದ್ಯ ಇಲ್ಲಿ ಸಾಧ್ಯವೇ ಇಲ್ಲ. ವಾರಕ್ಕೆ ಒಂದು, ಅಷ್ಟೇ. ಹಾಗಾಗಿ ರಗ್ಬಿ ಲೀಗ್‌ನಲ್ಲಿ ಜಗಳವೆಲ್ಲ ವಾರಗಳಿಗೆ. ವರ್ಷಕ್ಕಿರುವುದು 52.

ಕ್ಲಬ್‌ಗಳ ಲೆಕ್ಕ

ಆಸ್ಟ್ರೇಲಿಯಾದ ನ್ಯಾಷನಲ್ ರಗ್ಬಿ ಲೀಗ್, ಚಿಕ್ಕದಾಗಿ ಎನ್‌ಆರ್‌ಎಲ್, ಜಗತ್ತಿನಲ್ಲೇ ಈ ಆಟದ ಅತಿ ದೊಡ್ಡ ಪಂದ್ಯಾವಳಿ. 17 ತಂಡ. ಬೆಸ ಸಂಖ್ಯೆ ಆದ್ದರಿಂದ ಪ್ರತಿ ವಾರ ಯಾರಾದರೂ ಒಬ್ಬರು ಸುಮ್ಮನೆ ಕೂರಲೇಬೇಕು. 27 ಸುತ್ತಿನಲ್ಲಿ ಪ್ರತಿ ತಂಡ ಆಡುವುದು 24 ಪಂದ್ಯ, ಮೂರು ವಾರ ರಜೆ. ಎದುರಾಳಿಗಳು 16 ಇದ್ದಾರೆ. ಅಂದರೆ ಎಂಟು ತಂಡಗಳನ್ನು ಎರಡು ಸಲ, ಉಳಿದ ಎಂಟನ್ನು ಒಂದೇ ಸಲ ಎದುರಿಸಬೇಕು. ಯಾರಿಗೆ ಯಾವ ಎಂಟು ಅನ್ನುವುದೇ ಪ್ರತಿ ವರ್ಷದ ಮೊದಲ ತಕರಾರು. 27 ಸುತ್ತಿನ ಮೇಲೆ ನಾಲ್ಕು ವಾರ ಫೈನಲ್ಸ್. ಒಟ್ಟು 31 ವಾರ. ಮಾರ್ಚ್ ಶುರುವಿನಲ್ಲಿ ಹೊರಟರೆ ಅಕ್ಟೋಬರ್ ಶುರುವಿಗೆ ಬಂದು ನಿಲ್ಲುತ್ತದೆ.

ಇಂಗ್ಲೆಂಡಿನ ಸೂಪರ್ ಲೀಗ್ 2026ರಲ್ಲಿ 12 ತಂಡದಿಂದ 14ಕ್ಕೆ ಬೆಳೆಯಿತು. ಬ್ರಾಡ್‌ಫರ್ಡ್, ಯಾರ್ಕ್, ಫ್ರಾನ್ಸ್‌ನ ಟುಲೂಸ್ ಒಳಬಂದವು, ಹಣದ ತೊಂದರೆಯಲ್ಲಿ ಮುಳುಗಿದ ಸಾಲ್ಫರ್ಡ್ ಹೊರಬಿತ್ತು. ತಂಡ ಹೆಚ್ಚಾದರೆ ಪಂದ್ಯವೂ ಹೆಚ್ಚಾಗಬೇಕಲ್ವಾ? ಇಲ್ಲ. 12 ತಂಡ ಇದ್ದಾಗ ತವರಿನಲ್ಲೊಮ್ಮೆ ಹೊರಗೊಮ್ಮೆ ಆಡಿದರೆ ಆಗುತ್ತಿದ್ದದ್ದು 22 ಪಂದ್ಯ ಮಾತ್ರ. ಟಿಕೆಟ್ ಮಾರಲು ಅಷ್ಟು ಸಾಲದು ಎಂದು ಅದೇ ತಂಡಗಳ ನಡುವೆ ಮೂರನೇ ಸಲ ಪಂದ್ಯ ಇಡುತ್ತಿದ್ದರು. ಅವಕ್ಕೆ ‘ಲೂಪ್’ ಪಂದ್ಯ ಅನ್ನುತ್ತಾರೆ. ಅದರ ಜೊತೆ ಎಲ್ಲ ತಂಡಗಳೂ ಒಂದೇ ಮೈದಾನಕ್ಕೆ ಬರುವ ಮ್ಯಾಜಿಕ್ ವೀಕೆಂಡ್ ಸೇರಿ 27 ಆಗುತ್ತಿತ್ತು. ಈಗ 14 ತಂಡಕ್ಕೆ 26, ಮ್ಯಾಜಿಕ್ ವೀಕೆಂಡ್ ಒಂದು. ಮತ್ತೆ 27. ಒಂದೇ ಎದುರಾಳಿಯನ್ನು ನೋಡಿ ನೋಡಿ ಬೇಸತ್ತಿದ್ದ ಅಭಿಮಾನಿಗಳಿಗೆ ಇದು ನಿಜಕ್ಕೂ ಒಳ್ಳೆಯದೇ. ಆದರೆ ದೇಶದ ತಂಡಕ್ಕೆ ಒಂದು ವಾರವೂ ಮಿಗಲಿಲ್ಲ.

ಈ ನಡುವೆ ಕ್ಲಬ್ ಪಂದ್ಯಗಳೇ ದೇಶ ದಾಟುತ್ತಿವೆ. 2025ರಲ್ಲಿ ಇಂಗ್ಲೆಂಡಿನ ಮೂರೂ ದೊಡ್ಡ ಪ್ರಶಸ್ತಿ ಬಾಚಿಕೊಂಡ ಹಲ್ ಕೆಆರ್ ತಂಡದ 2026ರ ಫೆಬ್ರವರಿ ನೋಡಿ. 19ಕ್ಕೆ ಹಲ್ ಊರಿನಲ್ಲಿ ಎನ್‌ಆರ್‌ಎಲ್ ಚಾಂಪಿಯನ್ ಬ್ರಿಸ್ಬೇನ್ ಬ್ರಾಂಕೋಸ್ ಎದುರು ವರ್ಲ್ಡ್ ಕ್ಲಬ್ ಚಾಲೆಂಜ್. 28ಕ್ಕೆ ಅಮೆರಿಕದ ಲಾಸ್ ವೇಗಸ್‌ನಲ್ಲಿ ಲೀಡ್ಸ್ ಎದುರು ಸೂಪರ್ ಲೀಗ್ ಪಂದ್ಯ. ಒಂಬತ್ತು ದಿನದಲ್ಲಿ ಎರಡು ಖಂಡ. ಮಾರಲು ಬರುವ ಪಂದ್ಯವಾದರೆ ವಾರ ಹೇಗಾದರೂ ಸಿಗುತ್ತದೆ ಅನ್ನುವುದು ಇಲ್ಲಿ ಕಾಣುತ್ತದೆ.

ಟಿವಿ ದುಡ್ಡು ಬರೆದ ಕ್ಯಾಲೆಂಡರ್

ಇಂಗ್ಲೆಂಡಿನಲ್ಲಿ ನೂರು ವರ್ಷ ಇದು ಚಳಿಗಾಲದ ಆಟವಾಗಿತ್ತು. 1995ರಲ್ಲಿ ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡೋಕ್ ಕಂಪನಿ ಐದು ವರ್ಷಕ್ಕೆ 8.7 ಕೋಟಿ ಪೌಂಡ್ ಕೊಡುತ್ತೇವೆ ಅಂದಿತು. ಆ ದುಡ್ಡಿನ ಜೊತೆ 1996ರಲ್ಲಿ ಸೂಪರ್ ಲೀಗ್ ಬಂತು, ಆಟ ಬೇಸಿಗೆಗೆ ಹೋಯಿತು. ಆಗ ಹೇಳಿದ ಒಂದು ಕಾರಣ ನೆನಪಿಡುವಂಥದ್ದು: ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾದ ಋತುಗಳು ಒಂದೇ ಕಾಲಕ್ಕೆ ಬಂದರೆ ಎರಡೂ ಕಡೆಯವರು ಪರಸ್ಪರ ಜಾಸ್ತಿ ಆಡಬಹುದು. ಆದದ್ದು ಉಲ್ಟಾ. ಎರಡೂ ಕಡೆ ಕ್ಲಬ್ ಋತು ಒಟ್ಟಿಗೆ ನಡೆಯುವುದರಿಂದ ಇಬ್ಬರಿಗೂ ಬಿಡುವು ಸಿಗುವುದು ಅಕ್ಟೋಬರ್–ನವೆಂಬರ್‌ನ ಅದೇ ಐದಾರು ವಾರ.

ಆ ಐದಾರು ವಾರದಲ್ಲಿ ಒಂದೇ ಕೆಲಸ ಆಗುತ್ತದೆ. 2023ರಲ್ಲಿ ಇಂಗ್ಲೆಂಡ್ ಟೋಂಗಾ ಜೊತೆ ಆಡಿತು, 2024ರಲ್ಲಿ ಸಮೋವಾ ಜೊತೆ. ಅದೇ ವಾರಗಳಲ್ಲಿ ಆಸ್ಟ್ರೇಲಿಯಾ ಪೆಸಿಫಿಕ್ ದೇಶಗಳ ಪಂದ್ಯಾವಳಿಯಾದ ಪೆಸಿಫಿಕ್ ಚಾಂಪಿಯನ್‌ಶಿಪ್‌ನಲ್ಲಿತ್ತು. 2025ರಲ್ಲಿ ಆಸ್ಟ್ರೇಲಿಯಾ ಇಂಗ್ಲೆಂಡಿಗೆ ಹೊರಟಿತು. ಆಗ ಆ ಚಾಂಪಿಯನ್‌ಶಿಪ್‌ನ ಪೆಸಿಫಿಕ್ ಕಪ್ ಆಸ್ಟ್ರೇಲಿಯಾ ಇಲ್ಲದೆಯೇ ನಡೆಯಿತು. ಒಂದು ಬಾಗಿಲು ತೆರೆದರೆ ಇನ್ನೊಂದು ಮುಚ್ಚುತ್ತದೆ.

ಆಸ್ಟ್ರೇಲಿಯಾದಲ್ಲಿ ಇನ್ನೂ ಒಂದು ವಿಚಿತ್ರವಿದೆ. ಎನ್‌ಆರ್‌ಎಲ್ ನಡೆಸುವುದೂ, ದೇಶದ ತಂಡ ನಡೆಸುವುದೂ ಒಂದೇ ಆಯೋಗ. ನಮ್ಮಲ್ಲಿ ಬಿಸಿಸಿಐ ಕೈಯಲ್ಲೇ ಐಪಿಎಲ್ ಮತ್ತು ಭಾರತ ತಂಡ ಎರಡೂ ಇರುವ ಹಾಗೆ. ಹಾಗಿದ್ದ ಮೇಲೆ ಕ್ಲಬ್–ದೇಶ ಜಗಳ ಯಾಕೆ ಬರಬೇಕು? ಯಾಕೆಂದರೆ ಟಿವಿಯವರು ದುಡ್ಡು ಕೊಡುವುದು ಎನ್‌ಆರ್‌ಎಲ್‌ನ 27 ಸುತ್ತಿಗೆ ಮತ್ತು ಸ್ಟೇಟ್ ಆಫ್ ಒರಿಜಿನ್ ಅನ್ನುವ ರಾಜ್ಯಗಳ ಸರಣಿಗೆ. ಭಾರತದ ಕ್ರಿಕೆಟ್ ತಂಡವನ್ನು ಪಕ್ಕಕ್ಕಿಟ್ಟರೆ ಬಿಸಿಸಿಐ ಖಜಾನೆಗೆ ದೊಡ್ಡ ತೂತು ಬೀಳುತ್ತದೆ. ಆಸ್ಟ್ರೇಲಿಯಾದ ರಗ್ಬಿ ಲೀಗ್ ತಂಡ ಒಂದು ವರ್ಷ ಆಡದಿದ್ದರೆ ಲೆಕ್ಕಪತ್ರದಲ್ಲಿ ಅಂಥ ವ್ಯತ್ಯಾಸ ಕಾಣುವುದೇ ಇಲ್ಲ.

ದೇಶಕ್ಕಿಂತ ದೊಡ್ಡ ರಾಜ್ಯ

ಸ್ಟೇಟ್ ಆಫ್ ಒರಿಜಿನ್ ಅಂದರೆ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ನಡುವೆ ವರ್ಷಕ್ಕೆ ಮೂರು ಪಂದ್ಯ. ಮೇ ಕೊನೆಯಿಂದ ಜುಲೈವರೆಗೆ. ಇದು ಹುಟ್ಟಿದ ಕಥೆ ಗೊತ್ತಾದರೆ ಇದಕ್ಕೆ ಯಾಕಿಷ್ಟು ತೂಕ ಅನ್ನುವುದು ತಿಳಿಯುತ್ತದೆ. ಮೊದಲೆಲ್ಲ ಆಟಗಾರ ಯಾವ ರಾಜ್ಯದ ಕ್ಲಬ್‌ನಲ್ಲಿ ಆಡುತ್ತಾನೋ ಆ ರಾಜ್ಯಕ್ಕೆ ಆಡುತ್ತಿದ್ದ. ಸಿಡ್ನಿಯ ಕ್ಲಬ್‌ಗಳ ಹತ್ತಿರ ದುಡ್ಡಿತ್ತು. ಕ್ವೀನ್ಸ್‌ಲ್ಯಾಂಡ್‌ನ ಒಳ್ಳೊಳ್ಳೆ ಆಟಗಾರರನ್ನು ಕೊಂಡುಕೊಳ್ಳುತ್ತಿದ್ದವು. ಆಮೇಲೆ ಅವರೇ ಬಂದು ತಮ್ಮ ತವರು ರಾಜ್ಯವನ್ನು ಸೋಲಿಸಿ ಹೋಗುತ್ತಿದ್ದರು.

ಕರುಣ್ ನಾಯರ್ ವಿದರ್ಭಕ್ಕೆ ಹೋಗಿ 2024–25ರ ರಣಜಿ ಫೈನಲ್‌ನಲ್ಲಿ ಶತಕ ಬಾರಿಸಿದಾಗ ಬೆಂಗಳೂರಿನ ಎಷ್ಟೋ ಮಂದಿಗೆ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತಲ್ಲ? ಕ್ವೀನ್ಸ್‌ಲ್ಯಾಂಡ್‌ನವರಿಗೆ ಅದು ಪ್ರತಿ ವರ್ಷದ ಪಾಡಾಗಿತ್ತು. 1980ರಲ್ಲಿ ನಿಯಮ ತಿರುಗಿಸಿದರು: ಎಲ್ಲಿ ಬೇಕಾದರೂ ಆಡು, ರಾಜ್ಯದ ಪಂದ್ಯಕ್ಕೆ ಮಾತ್ರ ಬೆಳೆದ ಊರಿಗೆ ವಾಪಸು ಬಾ. ಆ ಜುಲೈ 8ರಂದು ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್‌ನಲ್ಲಿ 35 ವಯಸ್ಸಿನ ಆರ್ಥರ್ ಬೀಟ್ಸನ್ ಕ್ವೀನ್ಸ್‌ಲ್ಯಾಂಡ್ ನಾಯಕನಾಗಿ ಇಳಿದರು. ಅವರ ಕ್ಲಬ್ ಇದ್ದದ್ದು ಸಿಡ್ನಿಯಲ್ಲಿ. ಕ್ವೀನ್ಸ್‌ಲ್ಯಾಂಡ್ 20–10ರಿಂದ ಗೆದ್ದಿತು. ಅಂದಿನಿಂದ ಒರಿಜಿನ್ ಆಸ್ಟ್ರೇಲಿಯಾದ ಟಿವಿಯಲ್ಲಿ ಅತಿ ಹೆಚ್ಚು ಜನ ನೋಡುವ ಕಾರ್ಯಕ್ರಮಗಳ ಸಾಲಿನಲ್ಲಿದೆ.

ಪರಿಣಾಮ ಏನಾಯಿತು? ವರ್ಷದ ನಡುವೆ ಕ್ಲಬ್ ಆಟ ಸ್ವಲ್ಪ ಸರಿದು ಜಾಗ ಬಿಡುವುದಾದರೆ ಅದು ಒರಿಜಿನ್‌ಗೆ ಮಾತ್ರ. 2022ರ ಜೂನ್‌ನಲ್ಲಿ ಒಂದು ವಾರಾಂತ್ಯ ನ್ಯೂಜಿಲೆಂಡ್–ಟೋಂಗಾ, ಸಮೋವಾ–ಕುಕ್ ದ್ವೀಪಗಳ ಪಂದ್ಯ ನಡೆದಿದ್ದವು. ಮರುವರ್ಷದಿಂದ ಆ ವಾರಾಂತ್ಯ ಕ್ಯಾಲೆಂಡರ್‌ನಲ್ಲಿ ಕಾಣಲಿಲ್ಲ. ಅದು ಹೋಗಿದ್ದಕ್ಕೆ ದೊಡ್ಡ ಗದ್ದಲವೂ ಆಗಲಿಲ್ಲ. ಆಗಬೇಕಿತ್ತು.

10 ತಂಡಗಳ ವಿಶ್ವಕಪ್

ಈಗ ವಿಶ್ವಕಪ್‌ಗೆ ಬರೋಣ. 1954ರಲ್ಲಿ ಫ್ರಾನ್ಸ್‌ನಲ್ಲಿ ಮೊದಲನೆಯದು ನಡೆಯಿತು. ಯೂನಿಯನ್‌ನ ವಿಶ್ವಕಪ್ ಶುರುವಾಗುವುದಕ್ಕೆ 33 ವರ್ಷ ಮೊದಲು. ಆದರೆ ಇಷ್ಟು ವರ್ಷವಾದರೂ ಅದಕ್ಕೊಂದು ನಿಗದಿತ ಲಯ ಬಂದಿಲ್ಲ. 1995, 2000, 2008, 2013, 2017, 2022, ಈಗ 2026. ಐದು ವರ್ಷ, ಎಂಟು ವರ್ಷ, ಐದು, ನಾಲ್ಕು, ಐದು, ನಾಲ್ಕು. ಮಗು ಹುಟ್ಟಿದ ತಾರೀಕು ಕೇಳಿದರೆ ‘ಆ ಮಳೆಗಾಲ ಇರಬೇಕು’ ಅಂದ ಹಾಗೆ.

2022ರದ್ದು ತಡವಾದದ್ದಕ್ಕೆ ಕೋವಿಡ್ ನೆಪವೋ ಕಾರಣವೋ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. 2021ರ ಜುಲೈನಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡೂ ಆಟಗಾರರ ಸುರಕ್ಷತೆ ಮುಂದಿಟ್ಟು ಹಿಂದೆ ಸರಿದವು. ಅವರಿಬ್ಬರಿಲ್ಲದೆ ವಿಶ್ವಕಪ್ ನಡೆಸುವುದು ಮದುಮಗನಿಲ್ಲದ ಮದುವೆ. ಇಂಗ್ಲೆಂಡ್ ಒಂದು ವರ್ಷ ಮುಂದೂಡಿತು. 2025ರ ಕಥೆ ಬೇರೆ. ಫ್ರಾನ್ಸ್ ಸಂಘಟಕರು ನಷ್ಟವಾದರೆ ಹೊಣೆ ಹೊರುವ ಖಾತರಿಯನ್ನು ಅಲ್ಲಿನ ಸರ್ಕಾರದಿಂದ ಪಡೆಯಲಾಗದೆ 2023ರ ಮೇ ತಿಂಗಳಲ್ಲಿ ಕೈಬಿಟ್ಟರು. ಹೊಸ ಆತಿಥೇಯರನ್ನು ಹುಡುಕಿ ಆಸ್ಟ್ರೇಲಿಯಾಕ್ಕೆ ಕೊಡುವಷ್ಟರಲ್ಲಿ 2026 ಆಯಿತು. ಪುರುಷರ ತಂಡಗಳು 16ರಿಂದ 10ಕ್ಕೆ ಇಳಿದವು.

ಆ 10: ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇಂಗ್ಲೆಂಡ್, ಸಮೋವಾ, ಟೋಂಗಾ, ಫಿಜಿ, ಪಪುವಾ ನ್ಯೂಗಿನಿ, ಫ್ರಾನ್ಸ್, ಲೆಬನಾನ್, ಕುಕ್ ದ್ವೀಪಗಳು. ಯುರೋಪಿನಿಂದ ಎರಡೇ. 2022ರಲ್ಲಿ ಆಡಿದ್ದ ವೇಲ್ಸ್, ಸ್ಕಾಟ್ಲೆಂಡ್, ಐರ್ಲೆಂಡ್, ಇಟಲಿ, ಗ್ರೀಸ್, ಜಮೈಕಾ ಯಾವುವೂ ಇಲ್ಲ. ತಂಡ ಕಡಿಮೆಯಾದರೆ ಏಕಪಕ್ಷೀಯ ಪಂದ್ಯಗಳು ಕಡಿಮೆಯಾಗುತ್ತವೆ, ಒಂದು ತಿಂಗಳಲ್ಲಿ ಮುಗಿಯುತ್ತದೆ ಅನ್ನುವುದು ಒಂದು ವಾದ. ಅದರಲ್ಲಿ ಹುರುಳಿದೆ. ಇನ್ನೊಂದು ಕಡೆಯವರು ಕೇಳುವುದು ಇಷ್ಟೇ: ವಿಶ್ವಕಪ್ ಅನ್ನುವ ಹೆಸರಿಟ್ಟು ಪೆಸಿಫಿಕ್ ಸಾಗರದ ಸುತ್ತಲೇ ಸುತ್ತಿದರೆ ಜಮೈಕಾದಲ್ಲೋ ವೇಲ್ಸ್‌ನಲ್ಲೋ ಹುಡುಗರು ಈ ಆಟಕ್ಕೆ ಯಾಕೆ ಬರಬೇಕು?

ಸಮಯದ ವಿಚಾರವೂ ಸಣ್ಣದಲ್ಲ. ಸಿಡ್ನಿಯಲ್ಲಿ ರಾತ್ರಿ 8ಕ್ಕೆ ಶುರುವಾಗುವ ಪಂದ್ಯ ಅಕ್ಟೋಬರ್‌ನಲ್ಲಿ ನಮಗೆ ಮಧ್ಯಾಹ್ನ 2.30. ಊಟ ಮಾಡಿ ಕೂತು ನೋಡಬಹುದು. ಇಂಗ್ಲೆಂಡಿನಲ್ಲಿ ಆಗ ಬೆಳಿಗ್ಗೆ 10. ಶನಿವಾರ, ಭಾನುವಾರವಾದರೆ ಸರಿ, ವಾರದ ನಡುವೆ ಆದರೆ ಆಫೀಸು, ಶಾಲೆ. ಬೆಳಗಿನ ಪಂದ್ಯಕ್ಕೆ ಇಂಗ್ಲೆಂಡಿನ ಟಿವಿ ಕಂಪನಿಗಳು ಸಂಜೆಯ ಬೆಲೆ ಕೊಡುವುದಿಲ್ಲ. ಅಲ್ಲಿಗೆ ಆತಿಥೇಯರು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ವೀಕ್ಷಕರನ್ನೇ ನೆಚ್ಚಿಕೊಳ್ಳಬೇಕು.

60–6, ನಾಲ್ಕು ವಾರ, 27–26

ತಯಾರಿಗೆ ವಾರ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಕಳೆದ ವಿಶ್ವಕಪ್‌ಗಿಂತ ಒಳ್ಳೆ ಉದಾಹರಣೆ ಬೇಡ. 2022ರ ಅಕ್ಟೋಬರ್ 15ಕ್ಕೆ ನ್ಯೂಕಾಸಲ್‌ನಲ್ಲಿ ಇಂಗ್ಲೆಂಡ್ ಸಮೋವಾವನ್ನು 60–6ರಿಂದ ಚಚ್ಚಿ ಹಾಕಿತು. ಸಮೋವಾದ ಹಲವು ಆಟಗಾರರು ಎರಡು ವಾರದ ಹಿಂದಷ್ಟೇ ಎನ್‌ಆರ್‌ಎಲ್ ಫೈನಲ್ ಆಡಿ ವಿಮಾನ ಹತ್ತಿದ್ದರು. ಒಟ್ಟಿಗೆ ಅಭ್ಯಾಸ ಮಾಡಿದ್ದೇ ಕಡಿಮೆ.

ಸರಿಯಾಗಿ ನಾಲ್ಕು ವಾರಕ್ಕೆ, ನವೆಂಬರ್ 12ಕ್ಕೆ, ಲಂಡನ್‌ನ ಎಮಿರೇಟ್ಸ್ ಮೈದಾನದಲ್ಲಿ ಅದೇ ಎರಡು ತಂಡಗಳ ಸೆಮಿಫೈನಲ್. 80 ನಿಮಿಷ ಮುಗಿದಾಗ 26–26. ಇನ್ನು ಮೊದಲು ಅಂಕ ಪಡೆದವರು ಗೆದ್ದಂತೆ. ಸಮೋವಾದ ಸ್ಟೀಫನ್ ಕ್ರೈಟನ್ ಚೆಂಡನ್ನು ಕೈಯಿಂದ ನೆಲಕ್ಕೆ ಬಿಟ್ಟು, ಅದು ಪುಟಿದೇಳುವ ಕ್ಷಣಕ್ಕೆ ಒದ್ದರು. ಕಂಬಗಳ ನಡುವೆ ಹೋಯಿತು. ಒಂದೇ ಅಂಕ. 27–26. ಸಮೋವಾ ಮೊದಲ ಬಾರಿಗೆ ಫೈನಲ್‌ಗೆ.

54 ಅಂಕದ ಸೋಲು ನಾಲ್ಕು ವಾರದಲ್ಲಿ ಒಂದು ಅಂಕದ ಗೆಲುವಾಯಿತು. ಆಟಗಾರರು ಹೆಚ್ಚು ಕಡಿಮೆ ಅವರೇ. ಬದಲಾದದ್ದು ಒಟ್ಟಿಗೆ ಇದ್ದ ದಿನಗಳು.

ಇಂಗ್ಲೆಂಡಿನ ತೊಂದರೆಯನ್ನೂ ಇಲ್ಲಿಂದಲೇ ನೋಡಬೇಕು. 2017ರ ವಿಶ್ವಕಪ್ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು ಅವರು ಸೋತದ್ದು 6–0ರಿಂದ ಮಾತ್ರ. ಆಮೇಲೆ 2025ರ ಅಕ್ಟೋಬರ್ 25ರವರೆಗೆ ಎರಡೂ ತಂಡಗಳ ಭೇಟಿಯೇ ಇಲ್ಲ. ಅವತ್ತು ಲಂಡನ್‌ನ ವೆಂಬ್ಲಿಯಲ್ಲಿ, ಕ್ರಿಕೆಟ್‌ನಲ್ಲಿರುವಂತೆ ಈ ಆಟದಲ್ಲೂ ಇರುವ ಆ್ಯಶಸ್ ಸರಣಿ ಶುರುವಾಯಿತು, 2003ರ ನಂತರ ಮೊದಲನೆಯದು. 60 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಆಸ್ಟ್ರೇಲಿಯಾ 26–6ರಿಂದ ಗೆದ್ದಿತು. ಲಿವರ್‌ಪೂಲ್‌ನಲ್ಲಿ 14–4, ಲೀಡ್ಸ್‌ನಲ್ಲಿ 30–8. ಮೂರಕ್ಕೆ ಮೂರೂ ಹೋಯಿತು. ಮೂರು ಪಂದ್ಯದಲ್ಲಿ ಇಂಗ್ಲೆಂಡ್ ಗಳಿಸಿದ್ದು ಒಟ್ಟು 18 ಅಂಕ.

ಸೋಲಿಗಿಂತ ಆ ಜನಸಂದಣಿ ಮುಖ್ಯ ಅನ್ನಿಸುತ್ತದೆ. ದೇಶಗಳ ಪಂದ್ಯ ಯಾರೂ ನೋಡುವುದಿಲ್ಲ ಅನ್ನುವ ಕ್ಲಬ್‌ಗಳ ಹಳೇ ವಾದ ಅಲ್ಲಿಗೆ ಬಿದ್ದುಹೋಯಿತು. ಸರಿಯಾದ ಎದುರಾಳಿ, ಸರಿಯಾದ ಮೈದಾನ, ಮೊದಲೇ ಗೊತ್ತಿರುವ ತಾರೀಕು ಇದ್ದರೆ ಜನ ಬರುತ್ತಾರೆ.

ಎರಡು ಜೆರ್ಸಿ ಹೇಗೆ?

ಇನ್ನೊಂದು ಗೊಂದಲ: ಆಟಗಾರರು ದೇಶ ಬದಲಿಸುವುದು. ನಿಯಮ ಹೀಗಿದೆ. ಆಸ್ಟ್ರೇಲಿಯಾ, ಇಂಗ್ಲೆಂಡ್, ನ್ಯೂಜಿಲೆಂಡ್ ಮೊದಲ ದರ್ಜೆ. ಒಬ್ಬ ಆಟಗಾರ ಈ ಮೂರರಲ್ಲಿ ಒಂದಕ್ಕೆ ಮಾತ್ರ ಆಡಬಹುದು. ಆದರೆ ಅಪ್ಪನೋ ಅಜ್ಜಿಯೋ ಟೋಂಗಾದವರಾಗಿದ್ದರೆ ಟೋಂಗಾಕ್ಕೂ ಆಡಬಹುದು, ಅಲ್ಲಿಂದ ಮತ್ತೆ ಹಿಂದಿರುಗಲೂಬಹುದು. ಒರಿಜಿನ್ ರಾಜ್ಯಗಳ ಪಂದ್ಯ, ದೇಶದ್ದಲ್ಲ. ಹಾಗಾಗಿ ಸಮೋವಾ ಆಟಗಾರ ನ್ಯೂ ಸೌತ್ ವೇಲ್ಸ್‌ಗೆ ಆಡಲು ಅಡ್ಡಿಯಿಲ್ಲ. ಬ್ರಯಾನ್ ಟೋಓ ಎರಡೂ ಕಡೆ ಆಡಿದ್ದಾರೆ, ಕ್ರೈಟನ್ ಕೂಡ.

ಹೊರಗಿನಿಂದ ನೋಡಿದರೆ ಇದು ಬೇಕಾಬಿಟ್ಟಿ ಅನ್ನಿಸಬಹುದು. ಆದರೆ ಇದೇ ನಿಯಮ ಪೆಸಿಫಿಕ್ ದ್ವೀಪಗಳನ್ನು ಎತ್ತಿ ನಿಲ್ಲಿಸಿತು. 2017ರಲ್ಲಿ ಜೇಸನ್ ಟೌಮಲೋಲೊ ನ್ಯೂಜಿಲೆಂಡ್ ಬಿಟ್ಟು ಟೋಂಗಾಕ್ಕೆ ಹೋದರು. ಅದೇ ವರ್ಷದ ವಿಶ್ವಕಪ್‌ನಲ್ಲಿ ಟೋಂಗಾ ನ್ಯೂಜಿಲೆಂಡ್ ಅನ್ನು 28–22ರಿಂದ ಸೋಲಿಸಿತು. 2019ರಲ್ಲಿ ಆಸ್ಟ್ರೇಲಿಯಾವನ್ನೂ 16–12ರಿಂದ ಮಣಿಸಿತು. 2025ರಲ್ಲಿ ಪೇನ್ ಹಾಸ್ ಆಸ್ಟ್ರೇಲಿಯಾ ಬಿಟ್ಟು ಸಮೋವಾ ಆರಿಸಿಕೊಂಡರು. ಒರಿಜಿನ್‌ನ ಒಂದು ಪಂದ್ಯಕ್ಕೆ ಆಟಗಾರನಿಗೆ 30,000 ಆಸ್ಟ್ರೇಲಿಯನ್ ಡಾಲರ್ ಸಿಗುತ್ತದೆ. ದ್ವೀಪ ದೇಶಕ್ಕೆ ಆಡಿದರೆ ಅದರ ಸಣ್ಣ ಪಾಲು. ಆದರೂ ಹೋಗುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಸಮೋವಾ–ಟೋಂಗಾ ಪಂದ್ಯಕ್ಕೆ 40 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆ ದಿನ ಮೈದಾನದಲ್ಲಿ ಆಸ್ಟ್ರೇಲಿಯಾವೂ ಇಲ್ಲ, ನ್ಯೂಜಿಲೆಂಡೂ ಇಲ್ಲ ಅನ್ನುವುದನ್ನು ಗಮನಿಸಿ.

ಪಪುವಾ ನ್ಯೂಗಿನಿ ತಂಡ ಮತ್ತು 60 ಕೋಟಿ ಡಾಲರ್

ಎನ್‌ಆರ್‌ಎಲ್ ಇನ್ನೂ ಬೆಳೆಯುತ್ತಿದೆ. 2027ಕ್ಕೆ ಪರ್ತ್‌ನ ಬೇರ್ಸ್ 18ನೇ ತಂಡ. 2028ಕ್ಕೆ ಪಪುವಾ ನ್ಯೂಗಿನಿಯ ತಂಡ 19ನೆಯದು. ರಗ್ಬಿ ಲೀಗ್ ಅನ್ನು ರಾಷ್ಟ್ರೀಯ ಆಟ ಅಂತ ಎದೆಗಪ್ಪಿಕೊಂಡ ದೇಶ ಪಪುವಾ ನ್ಯೂಗಿನಿ. ಅಲ್ಲಿ ಇದು ನಮ್ಮ ಕ್ರಿಕೆಟ್ ಇದ್ದಂತೆ. ಆದರೆ ತಂಡ ಬರುತ್ತಿರುವುದು ಬರೀ ಪ್ರೀತಿಯಿಂದಲ್ಲ. ಈ ತಂಡಕ್ಕೂ ಪೆಸಿಫಿಕ್‌ನಲ್ಲಿ ಆಟ ಬೆಳೆಸುವುದಕ್ಕೂ ಸೇರಿಸಿ ಆಸ್ಟ್ರೇಲಿಯಾ ಸರ್ಕಾರ 10 ವರ್ಷಕ್ಕೆ 60 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡುತ್ತಿದೆ. ಪೆಸಿಫಿಕ್‌ನಲ್ಲಿ ಚೀನಾದ ಪ್ರಭಾವ ಹೆಚ್ಚುತ್ತಿರುವಾಗ ನೆರೆಯ ದೇಶವನ್ನು ಹತ್ತಿರ ಇಟ್ಟುಕೊಳ್ಳುವ ಲೆಕ್ಕ ಅದರಲ್ಲಿದೆ ಅನ್ನುವುದನ್ನು ಯಾರೂ ಮುಚ್ಚಿಡುತ್ತಿಲ್ಲ.

ಇದರ ಪರಿಣಾಮ ಸಾವಿರಾರು ಮೈಲಿ ದೂರದ ಲ್ಯಾಂಕಶೈರ್‌ಗೂ ತಟ್ಟುತ್ತದೆ. ಒಂದು ಎನ್‌ಆರ್‌ಎಲ್ ಕ್ಲಬ್‌ಗೆ ಮುಖ್ಯ ಪಟ್ಟಿಯಲ್ಲೇ ಸುಮಾರು 30 ಆಟಗಾರರು ಬೇಕು. ಎರಡು ಹೊಸ ಕ್ಲಬ್ ಅಂದರೆ 60. ಅಷ್ಟು ಜನ ಆಕಾಶದಿಂದ ಉದುರುವುದಿಲ್ಲ. ಒಂದಷ್ಟು ಮಂದಿ ಇಂಗ್ಲೆಂಡಿನಿಂದ ಹೋಗುತ್ತಾರೆ, ಇಂಗ್ಲೆಂಡಿಗೆ ಬರಬೇಕಿದ್ದ ಇನ್ನೊಂದಷ್ಟು ಮಂದಿ ಆಸ್ಟ್ರೇಲಿಯಾದಲ್ಲೇ ಉಳಿಯುತ್ತಾರೆ. ಸೂಪರ್ ಲೀಗ್ ಕ್ಲಬ್‌ಗಳು ಹೊರದೇಶದ ಆಟಗಾರರ ಮಿತಿಯನ್ನು ಏಳರಿಂದ 10ಕ್ಕೆ ಏರಿಸಿಕೊಂಡಿವೆ. ಕ್ಲಬ್‌ಗೆ ಅದು ಅನುಕೂಲ. ಆದರೆ ಹೊರಗಿನವರು ಹೆಚ್ಚಾದಷ್ಟೂ ಇಂಗ್ಲೆಂಡ್ ಹುಡುಗರಿಗೆ ಆಡುವ ಜಾಗ ಕಡಿಮೆ, ಇಂಗ್ಲೆಂಡ್ ತಂಡಕ್ಕೆ ಆರಿಸಲು ಜನ ಕಡಿಮೆ.

ಯಾರು ಏನು ಹೇಳುತ್ತಾರೆ?

ಎನ್‌ಆರ್‌ಎಲ್‌ನ ವಾದ ಸೀದಾ ಇದೆ. ಈ ಆಟದಲ್ಲಿ ದುಡ್ಡು ಹುಟ್ಟುವುದೇ ನಮ್ಮಲ್ಲಿ. 2023–27ರ ನಮ್ಮ ಟಿವಿ ಒಪ್ಪಂದ 200 ಕೋಟಿ ಆಸ್ಟ್ರೇಲಿಯನ್ ಡಾಲರ್ ಆಸುಪಾಸಿನದು. ಆಟಗಾರರ ಸಂಬಳ ಕೊಡುವವರು ನಾವು, ಗಾಯವಾದರೆ ಕಳೆದುಕೊಳ್ಳುವವರೂ ನಾವು. ಪೆಸಿಫಿಕ್ ಚಾಂಪಿಯನ್‌ಶಿಪ್ ನಡೆಸುತ್ತಿರುವವರೂ ನಾವೇ.

ಇಂಗ್ಲೆಂಡ್ ಕಡೆಯವರಿಗೆ ಜಗಳ ಮಾಡುವಷ್ಟು ಬಲವಿಲ್ಲ. 2024–26ರ ಸ್ಕೈ ಟಿವಿ ಒಪ್ಪಂದ ವರ್ಷಕ್ಕೆ ಸುಮಾರು 2.15 ಕೋಟಿ ಪೌಂಡ್. ಅದಕ್ಕೂ ಹಿಂದಿನ ಒಪ್ಪಂದಕ್ಕಿಂತ ಕಡಿಮೆ. ಈ ಸ್ಕೈ ಒಪ್ಪಂದವೂ 2026ಕ್ಕೆ ಮುಗಿಯುತ್ತದೆ. ಎನ್‌ಆರ್‌ಎಲ್ ಸೂಪರ್ ಲೀಗ್‌ನಲ್ಲಿ ಪಾಲು ಕೊಳ್ಳುತ್ತದೆ ಅನ್ನುವ ಮಾತು ಆಗಾಗ ಏಳುವುದು ಇದೇ ಕಾರಣಕ್ಕೆ. ಕೊಂಡರೆ ದುಡ್ಡು ಬರುತ್ತದೆ, ಎರಡೂ ದೇಶಗಳ ಕ್ಯಾಲೆಂಡರ್ ಒಬ್ಬರ ಕೈಯಲ್ಲಿರುತ್ತದೆ ಅನ್ನುವವರಿದ್ದಾರೆ. ಕೀಲಿಕೈ ಸಿಡ್ನಿಗೆ ಕೊಟ್ಟ ಮೇಲೆ ನಮಗೆ ಬೇಕಾದಾಗ ಬಾಗಿಲು ತೆಗೆಯುವವರು ಯಾರು ಅನ್ನುವವರೂ ಇದ್ದಾರೆ.

ಎರಡೂ ಕಡೆಯವರ ಮಾತಿನಲ್ಲಿ ಕಾಣೆಯಾಗುವುದು ಸಣ್ಣ ದೇಶಗಳು. ಸಮೋವಾಕ್ಕಾಗಲಿ ಟೋಂಗಾಕ್ಕಾಗಲಿ ಸ್ವಂತ ವೃತ್ತಿಪರ ಕ್ಲಬ್ ಪಂದ್ಯಾವಳಿ ಇಲ್ಲ. ಅವರ ಆಟಗಾರರೆಲ್ಲ ಬೇರೆಯವರ ಸಂಬಳದಲ್ಲಿದ್ದಾರೆ. ಮಿಕ್ಕ ವಾರಗಳಲ್ಲಿ ಆಡುವುದು ಬಿಟ್ಟರೆ ಅವರಿಗೆ ಬೇರೆ ದಾರಿಯೇ ಇಲ್ಲ. ಜೂನ್‌ನಲ್ಲಿ ಒಂದೇ ಒಂದು ವಾರಾಂತ್ಯ ದೇಶಗಳಿಗೆ ಖಾಯಂ ಆಗಿ ಬಿಟ್ಟುಕೊಟ್ಟರೂ ಸಾಕಷ್ಟು ಬದಲಾಗುತ್ತದೆ. ಎನ್‌ಆರ್‌ಎಲ್‌ಗೆ ಅದು ದೊಡ್ಡ ನಷ್ಟವೇನಲ್ಲ. ಆಗಿಲ್ಲ ಅಂದರೆ ಮನಸ್ಸಿಲ್ಲ ಅಂತಲೇ ಅರ್ಥ.

ಮುಂದೆ ನೋಡಬೇಕಾದ್ದು

2027ಕ್ಕೆ ಎನ್‌ಆರ್‌ಎಲ್ ಟಿವಿ ಒಪ್ಪಂದ ಮುಗಿಯುತ್ತದೆ. ಹೊಸದರಲ್ಲಿ ದೇಶಗಳ ಪಂದ್ಯಕ್ಕೆ ಪ್ರತ್ಯೇಕ ಬೆಲೆ ಕಟ್ಟುತ್ತಾರೋ ಇಲ್ಲ ಕೊಸರಿನಂತೆ ಮೇಲೆ ಹಾಕಿಕೊಡುತ್ತಾರೋ ಅನ್ನುವುದರ ಮೇಲೆ ಮುಂದಿನ ಹಲವು ವರ್ಷ ನಿಂತಿದೆ. ಅದನ್ನು ತೀರ್ಮಾನಿಸುವುದು 2026ರ ಅಕ್ಟೋಬರ್‌ನ ವಿಶ್ವಕಪ್. ಸಮೋವಾ, ಟೋಂಗಾ ಪಂದ್ಯಗಳಿಗೆ ಮೈದಾನ ತುಂಬಿದರೆ, ಟಿವಿ ಮುಂದೆ ಜನ ಕೂತರೆ, ಮಾತುಕತೆಯ ಮೇಜಿನ ಮೇಲೆ ಇಡಲು ಒಂದು ಅಂಕಿ ಸಿಗುತ್ತದೆ. ಆಸ್ಟ್ರೇಲಿಯಾ ಎಲ್ಲರನ್ನೂ 40 ಅಂಕದಿಂದ ಸೋಲಿಸುತ್ತಾ ಹೋದರೆ ಆ ಅಂಕಿ ಸಿಗುವುದಿಲ್ಲ. 2028ಕ್ಕೆ 19 ತಂಡ ಆದಾಗ ಮತ್ತೆ ಬೆಸ ಸಂಖ್ಯೆ, ಮತ್ತೆ ವಾರಕ್ಕೊಬ್ಬರ ರಜೆ, ಸುತ್ತು ಹೆಚ್ಚಿಸುವ ಆಸೆ. ಆಗ ಕೊಯ್ಯಲು ಸಿಗುವುದು ಮತ್ತೆ ಅದೇ ಅಕ್ಟೋಬರ್–ನವೆಂಬರ್.

ವಿಶ್ವಕಪ್ ಮೊದಲ ಪಂದ್ಯ ಸಿಡ್ನಿಯಲ್ಲಿ, ಆಸ್ಟ್ರೇಲಿಯಾ–ನ್ಯೂಜಿಲೆಂಡ್. ಎನ್‌ಆರ್‌ಎಲ್ ಫೈನಲ್‌ಗೂ ಅದಕ್ಕೂ ನಡುವೆ ಎರಡು ವಾರವೂ ಪೂರ್ತಿ ಸಿಗುವುದಿಲ್ಲ. ಎರಡೂ ತಂಡದಲ್ಲಿ ಕ್ಲಬ್ ಫೈನಲ್‌ನ ಪೆಟ್ಟು ಆರದೇ ಇಳಿಯುವವರು ಇರುತ್ತಾರೆ. ನವೆಂಬರ್ 15ಕ್ಕೆ ಬ್ರಿಸ್ಬೇನ್‌ನಲ್ಲಿ ಫೈನಲ್. ಅಷ್ಟು ಹೊತ್ತಿಗೆ ಪರ್ತ್‌ನ ಹೊಸ ಕ್ಲಬ್ ತನ್ನ ಮೊದಲ ಋತುವಿನ ತಯಾರಿಗೆ ಆಟಗಾರರನ್ನು ಕರೆಯಲು ಕಾಯುತ್ತಿರುತ್ತದೆ.